ಜೂನ್ ರಜೆಗೆ ಮಕ್ಕಳನ್ನು ಮಲೆನಾಡಿಗೆ ಕರೆತರಬೇಕಾ? ಖಂಡಿತ ತನ್ನಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಮಲೆನಾಡಿನವರ ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಯಾರಾದರೂ ಕೇಳುವ ಪ್ರಶ್ನೆ ಈ ಸಲವೂ ಬಂದಿದೆ. ಅಮೆರಿಕದಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದೇ ಜೂನ್, ಜುಲೈನಲ್ಲಿ. ಆಗ ಶಿವಮೊಗ್ಗ ಕಡೆ ಜಡಿಮಳೆ. ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಬಟ್ಟೆ ಒಣಗಲ್ಲ. ಆಗುಂಬೆಗೆ ಹೋದರೆ ಸೂರ್ಯಾಸ್ತವೂ ಕಾಣಲ್ಲ. ಮಕ್ಕಳಿಗೆ ಏನು ತೋರಿಸೋದು?

ತೋರಿಸೋದೇ ಬೇಡ ಅನ್ನುತ್ತೇನೆ ನಾನು. ಒಂದು ಕೆಲಸ ಕೊಡಿ. ಊರಿನವರು ದಿನಾ ಮಾಡುವ, ಮಕ್ಕಳ ಕೈಗೂ ಎಟುಕುವ ಕೆಲಸ. ನಮ್ಮ ಮನೆಯಲ್ಲಿ ಅದು ಮೀನು ಹಿಡಿಯೋದು. ನನ್ನ ಮಗಳು ಅದನ್ನು ಕಲಿತಿದ್ದು ಮಾತ್ರ ಟೆಕ್ಸಾಸ್‌ನಲ್ಲಿ. ಅದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಲ್ಲಿನ ಅಭ್ಯಾಸ ಇಲ್ಲಿ ತುಂಬ ಉಪಯೋಗಕ್ಕೆ ಬಂತು.

ಈ ಫೆಬ್ರವರಿಯಲ್ಲಿ ನಾವು ಮಲೆನಾಡಿನ ಕೆಲವು ಸ್ನೇಹಿತರು, ಮನೆಮಂದಿ ಸೇರಿ ಗೈಡ್ ಜೊತೆ ಟೆಕ್ಸಾಸ್‌ನ ಬ್ಯಾಫಿನ್ ಬೇ ಎಂಬಲ್ಲಿಗೆ ಹೋಗಿದ್ದೆವು. ಕಾರ್ಪಸ್ ಕ್ರಿಸ್ಟಿ ನಗರದಿಂದ ದಕ್ಷಿಣಕ್ಕೆ, ಲಗೂನಾ ಮಾದ್ರೆ ಎಂಬ ಉದ್ದನೆಯ ಹಿನ್ನೀರಿಗೆ ಸೇರಿಕೊಂಡ ಕೊಲ್ಲಿ ಅದು. ಹೊಳೆ ನೀರು ಬರುವುದು ಕಡಿಮೆ, ಬಿಸಿಲಿಗೆ ಆರುವುದು ಜಾಸ್ತಿ. ಹಾಗಾಗಿ ಎಷ್ಟೋ ಸಲ ಅಲ್ಲಿನ ನೀರು ಸಮುದ್ರಕ್ಕಿಂತ ಉಪ್ಪಾಗಿರುತ್ತದೆ. ಅಲ್ಲಿ ಸೊಂಟದ ಮಟ್ಟದ ನೀರಿಗೆ ಇಳಿದು, ನಡೆಯುತ್ತಾ ಗಾಳ ಎಸೆಯುತ್ತಾರೆ. ಎಲ್ಲರೂ ಹುಡುಕುವುದು ಚುಕ್ಕೆ ಟ್ರೌಟ್ ಎಂಬ ಮೀನನ್ನು, ಅದೂ ದೊಡ್ಡದನ್ನು. ನೀಲಗಿರಿಯ ತಣ್ಣೀರಿಗೆ ಬ್ರಿಟಿಷರು ತಂದು ಬಿಟ್ಟ ಟ್ರೌಟ್ ಬೇರೆ, ಇದು ಬೇರೆ. ಇದು ನಮ್ಮ ಕರಾವಳಿಯ ಕಲ್ಲೂರು ಮೀನಿನ ಕುಟುಂಬದ್ದು. 30 ಇಂಚು ಮುಟ್ಟಿದರೆ ಅಲ್ಲಿನವರಿಗೆ ಅದು ಜನ್ಮಕ್ಕೊಮ್ಮೆ ಸಿಗುವ ಮೀನು. ಟೆಕ್ಸಾಸ್‌ನ ದಾಖಲೆ 2002ರದ್ದು. 37 ಇಂಚಿಗೂ ಸ್ವಲ್ಪ ಜಾಸ್ತಿ ಉದ್ದ, ಸುಮಾರು 7 ಕಿಲೋ ತೂಕ. ಅದೂ ಲಗೂನಾ ಮಾದ್ರೆಯದ್ದೇ.

ಗೈಡನ್ನು ಅಲ್ಲಿ ಕ್ಯಾಪ್ಟನ್ ಅನ್ನುತ್ತಾರೆ. ದೋಣಿ ನಿಲ್ಲಿಸಿದ ಮೇಲೆ ಅವರು ಮಕ್ಕಳಿಗೆ ಮೊದಲು ಕಲಿಸಿದ್ದು ನೀರಿನಲ್ಲಿ ನಡೆಯೋದನ್ನು. ಹೆಜ್ಜೆ ಎತ್ತಿ ಇಡಬಾರದು, ಪಾದವನ್ನು ಕೆಸರಿನಲ್ಲಿ ಸವರಿಕೊಂಡೇ ಹೋಗಬೇಕು. ತಳದಲ್ಲಿ ತೊರಕೆ ಮೀನು ಮಲಗಿರುತ್ತದೆ. ಮೇಲಿಂದ ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ, ಪಕ್ಕದಿಂದ ಪಾದ ತಾಗಿದರೆ ಅದೇ ಜಾಗ ಬಿಟ್ಟು ಹೋಗುತ್ತದೆ. ಆಮೇಲೆ ನೀರು ನೋಡೋದನ್ನು ಹೇಳಿಕೊಟ್ಟರು. ಚಳಿಗಾಲದ ಮಧ್ಯಾಹ್ನ ಕೆಸರಿನ ತಳ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ಅಲ್ಲಿಗೆ ಮುಲೆಟ್ ಮೀನಿನ ಹಿಂಡು ಬರುತ್ತದೆ, ಅದರ ಹಿಂದೆ ದೊಡ್ಡ ಟ್ರೌಟ್ ಬರುತ್ತದೆ. ಮುಲೆಟ್ ಗಾಬರಿಬಿದ್ದು ನೀರಿನಿಂದ ಮೇಲೆ ಚಿಮ್ಮಿದ ಕಡೆ ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಮೀನು ಎಸೆಯಬೇಕು. ನಿಧಾನಕ್ಕೆ ಎಳೆಯಬೇಕು. ತಣ್ಣೀರಿನಲ್ಲಿ ಆ ಮೀನು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ.

ಮಗಳ ಗಾಳಕ್ಕೆ 26 ಇಂಚಿನದೊಂದು ಬಿತ್ತು. ಬೆಳ್ಳಿ ಮೈ, ಬೆನ್ನಿನಿಂದ ಬಾಲದವರೆಗೂ ಕಪ್ಪು ಚುಕ್ಕೆ, ಬಾಯಿಯ ಒಳಗೆ ಹಳದಿ, ಮೇಲಿನ ದವಡೆಯಲ್ಲಿ ಕೋರೆಹಲ್ಲು. ಬಾಯಿ ಎಷ್ಟು ಮೆತ್ತಗೆ ಅಂದರೆ ಜೋರಾಗಿ ಎಳೆದರೆ ಗಾಳ ಹರಿದುಕೊಂಡು ಬರುತ್ತದೆ. ಅವಳು ದಾರ ಬಿಟ್ಟು, ಸುತ್ತಿ, ಮತ್ತೆ ಬಿಟ್ಟು, ಕೊನೆಗೂ ಹತ್ತಿರ ತಂದಳು. "ಮೊದಲು ಕೈ ಒದ್ದೆ ಮಾಡ್ಕೋ" ಅಂದರು ಕ್ಯಾಪ್ಟನ್. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಲೋಳೆ ಹೋದರೆ ಮೀನಿಗೆ ಸೋಂಕು ತಗಲುತ್ತದೆ. ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು, ಅಡ್ಡಲಾಗಿ ಹಿಡಿದು, ಒಂದು ಫೋಟೊ ತೆಗೆದು ವಾಪಸ್ ನೀರಿಗೆ. ಮೀನು ತಾನಾಗಿ ಬಾಲ ಬಡಿಯುವವರೆಗೂ ಕೈ ತೆಗೆಯುವ ಹಾಗಿಲ್ಲ. ಹದಿಮೂರರ ಹುಡುಗಿ, ಚಳಿಗೆ ತುಟಿ ನಡುಗುತ್ತಿತ್ತು. ಆದರೂ ಬಗ್ಗಿ ನಿಂತೇ ಇದ್ದಳು.

ಅಷ್ಟು ದೊಡ್ಡ ಟ್ರೌಟ್ ಬಹುತೇಕ ಹೆಣ್ಣು, ಮೊಟ್ಟೆ ಇಡುವಂಥವು. 2021ರ ಫೆಬ್ರವರಿಯ ವಿಪರೀತ ಚಳಿಗೆ ಟೆಕ್ಸಾಸ್ ಕರಾವಳಿಯಲ್ಲಿ ಕಡಿಮೆ ಎಂದರೂ 38 ಲಕ್ಷ ಮೀನು ಸತ್ತವು ಅಂತ ಅಲ್ಲಿನ ವನ್ಯಜೀವಿ ಇಲಾಖೆಯ ಅಂದಾಜು. ಚುಕ್ಕೆ ಟ್ರೌಟ್‌ಗೆ ಜೋರು ಪೆಟ್ಟು ಬಿತ್ತು. 2024ರಲ್ಲಿ ನಿಯಮ ಬಿಗಿ ಮಾಡಿದರು: ಒಬ್ಬರು ದಿನಕ್ಕೆ 3 ಮೀನು ಮಾತ್ರ ಇಟ್ಟುಕೊಳ್ಳಬಹುದು, ಅದೂ ಸಾಮಾನ್ಯವಾಗಿ 15ರಿಂದ 20 ಇಂಚಿನ ಒಳಗಿನವು. ಹೋಗುವವರು ಆಯಾ ವರ್ಷದ ನಿಯಮ ನೋಡಿಕೊಂಡೇ ಹೋಗಿ. 17 ವರ್ಷದ ಒಳಗಿನ ಮಕ್ಕಳಿಗೆ ಲೈಸೆನ್ಸ್ ಬೇಡ, ದೊಡ್ಡವರಿಗೆ ಬೇಕು. ನಮ್ಮ ಜೊತೆ ಸಾಗರದ ಕಡೆಯ, ಮೀನು ತಿನ್ನದ ಮನೆಯವರೂ ಬಂದಿದ್ದರು. ಅವರ ಮಗ ಇಡೀ ದಿನ ಪೆಲಿಕನ್ ಹಕ್ಕಿಗಳನ್ನು ನೋಡುತ್ತಾ ಖುಷಿಯಾಗಿದ್ದ.

ಇನ್ನು ಊರಿನ ವಿಷಯ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ ಅಲ್ವಾ? ಹತ್ತುಮೀನಿನ ಕಾಲ ಅಂದರೆ ನಮ್ಮ ಬಾಲ್ಯದ ದೊಡ್ಡ ಹಬ್ಬ. ಆ ಹಬ್ಬ ಸರಿಯಾಗಿ ನಮ್ಮ ಮಕ್ಕಳ ರಜೆಗೇ ಬರುತ್ತದೆ. ಇಷ್ಟು ವರ್ಷ ನಾವು ಅದನ್ನು ಬಿಟ್ಟು, ಡಿಸೆಂಬರಿನಲ್ಲಿ ಬಂದು ಜೋಗ, ಮಾಲ್, ಮದುವೆ ಅಂತ ಸುತ್ತಾಡಿ ವಾಪಸ್ ಹೋಗುತ್ತೇವೆ.

ಈ ಸಲ ಮಗಳು ನನ್ನ ಚಿಕ್ಕಪ್ಪನ ಜೊತೆ ಕೂಣಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಹೊತ್ತು ಗದ್ದೆಗೆ ಇಳಿದಳು. ಅಂಚು ಒಡೆದು ನೀರು ಧುಮುಕುವ ಕಂಡಿಯಲ್ಲಿ ಕೂಣಿ ಇಟ್ಟು, ಎರಡೂ ಪಕ್ಕ ಸೊಪ್ಪು, ಮಣ್ಣು ಮೆತ್ತಬೇಕು. ಸಂದಿ ಉಳಿದರೆ ಮೀನು ಅಲ್ಲೇ ನುಸುಳುತ್ತದೆ. ಅವಳು ಕೆಸರಿನಲ್ಲಿ ಪಾದ ಸವರಿಕೊಂಡು ನಡೆಯುವುದನ್ನು ನೋಡಿ ಚಿಕ್ಕಪ್ಪ, "ಇದ್ಯಾರು ಕಲಿಸಿದ್ದು ಮಾರಾಯ್ತಿ, ಗದ್ದೆಯವಳ ನಡಿಗೆ!" ಅಂದರು. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ. ನಿಮ್ಮಲ್ಲೂ ಹಾಗೇ ಇರಬೇಕು. ಇಲ್ಲಿ ಚಿಕ್ಕಪ್ಪನಿಗೆ ಇಂಗ್ಲಿಷ್ ಬರಲ್ಲ. ಯಾವ ಹಳ್ಳಕ್ಕೆ ಯಾವ ಮೀನು ಹತ್ತುತ್ತದೆ ಅನ್ನೋದು ಗೊತ್ತಿರುವುದು ಅವರೊಬ್ಬರಿಗೇ. ಮಗಳಿಗೆ ಅದು ಬೇಕು, ಅದಕ್ಕೇ ಕೇಳಿದಳು. ತಪ್ಪುತಪ್ಪಾಗಿ ಕೇಳಿದಳು, ಅವರು ಅರ್ಥ ಮಾಡಿಕೊಂಡು ಹೇಳಿದರು. ನಾವು ಯಾರೂ ನಡುವೆ ಹೋಗಲಿಲ್ಲ. ದಯವಿಟ್ಟು ನೀವೂ ಹೋಗಬೇಡಿ. ಅನುವಾದ ಮಾಡಿಕೊಡುವ ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಮಕ್ಕಳು ಬಾಯಿ ಬಿಡೋದೇ ಇಲ್ಲ.

ಬೆಳಿಗ್ಗೆ ಕೂಣಿ ಎತ್ತಿದಾಗ ಒಂದು ಮೀನಿನ ಹೊಟ್ಟೆ ಊದಿತ್ತು. "ಚಿಕ್ಕಜ್ಜ, ಇದಕ್ಕೆ ಮೊಟ್ಟೆ ಇದೆ. ಬಿಡಲ್ವಾ?" ಅಂದಳು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ನಿದ್ದರು. ಹತ್ತುಮೀನು ಹತ್ತುವುದೇ ಮೊಟ್ಟೆ ಇಡೋಕೆ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. "ನಮ್ಮಪ್ಪ ಒಂದು ಹೊತ್ತಿನ ಸಾರಿಗೆ ಆಗುವಷ್ಟು ಮೀನು ಸಿಕ್ಕಿದ್ರೆ ಕೂಣಿ ಎತ್ತಿಬಿಡ್ತಿದ್ರು. ಈಗ ಹೊಳೆಗೆ ಕರೆಂಟು ಬಿಡ್ತಾರೆ, ಮದ್ದು ಹಾಕ್ತಾರೆ. ಮೀನೇ ಕಮ್ಮಿಯಾಗಿದೆ ಮಗಾ" ಅಂದರು. ಆಮೇಲೆ, "ಬಿಡು, ಹೋಗ್ಲಿ" ಅಂದರು. ಅವಳು ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯ ಕೆಳಗೆ ಕೈ ಕೊಟ್ಟು, ಕಂಡಿಯ ಮೇಲಿನ ಗದ್ದೆಗೆ ಬಿಟ್ಟಳು. ಹಾಗೆ ಬಿಡುವುದನ್ನು ಚಿಕ್ಕಪ್ಪ ಅವಳಿಂದಲೇ ಮೊದಲು ನೋಡಿದ್ದು. ಉಳಿದ ಮೀನು ಮಧ್ಯಾಹ್ನ ಸಾರಾಯಿತು. ಅದರ ಬಗ್ಗೆ ಅವಳದ್ದೇನೂ ತಕರಾರಿರಲಿಲ್ಲ.

ಮಾರನೇ ದಿನ ಚಿಪ್ಪಲಗುಡ್ಡೆಗೆ ಹೋದೆವು. ತುಂಗೆಯ ಆ ಭಾಗ ಮತ್ಸ್ಯಧಾಮ, ಅಲ್ಲಿ ಗಾಳ ಹಾಕುವ ಹಾಗಿಲ್ಲ. ಶೃಂಗೇರಿ ಮಠದ ಮೆಟ್ಟಿಲ ಹತ್ತಿರವೂ ಹಾಗೇ. ಮೀನನ್ನು ಕಾಯುವ ಪದ್ಧತಿ ಅಮೆರಿಕದ್ದು ಮಾತ್ರ ಅಲ್ಲ ಅಂತ ಮಕ್ಕಳಿಗೆ ಗೊತ್ತಾಗಲು ಈ ಎರಡು ಜಾಗ ಸಾಕು. ಈ ಹೊತ್ತಿನಲ್ಲಿ ಹೊಳೆ ಕೆಂಪಗೆ ತುಂಬಿರುತ್ತದೆ. ದೂರದಿಂದ ನೋಡಿ, ಇಳಿಯಬೇಡಿ. ಮಕ್ಕಳಿಗೆ ಗದ್ದೆ ಮತ್ತು ಮೊಣಕಾಲಿನ ನೀರಿರುವ ಸಣ್ಣ ಹಳ್ಳ ಸಾಕು, ಅದೂ ಊರಿನ ದೊಡ್ಡವರೊಬ್ಬರು ಜೊತೆಗಿದ್ದರೆ ಮಾತ್ರ. ರಾತ್ರಿ ಟಾರ್ಚ್ ಹಿಡಿದು ಕತ್ತಿಯಲ್ಲಿ ಮೀನು ಕಡಿಯುವವರ ಜೊತೆ ಮಕ್ಕಳನ್ನು ಕಳಿಸಬೇಡಿ. ಇಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಎರಡು ದಿನದಲ್ಲಿ ಮಕ್ಕಳೇ ಅದನ್ನು ಕಿತ್ತು ಎಸೆಯೋದು ಕಲಿಯುತ್ತಾರೆ.

ಮೀನು ಬೇಡದ ಮನೆಯವರಿಗೆ ಸಸಿ ನಾಟಿ ಇದೆ, ಕಳಲೆ ಇದೆ, ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದನ್ನು ನೋಡಬಹುದು. ಯಾವುದಾದರೂ ಆಗಲಿ, ಕಲಿಸುವವರು ಊರಿನವರಾಗಿರಲಿ.

ಮುಂದಿನ ಜೂನ್‌ಗೆ ಟಿಕೆಟ್ ಮಾಡುವವರು ಈಗಲೇ ಇಲ್ಲಿ ಹೇಳಿ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರ ಮಕ್ಕಳನ್ನು ಒಟ್ಟಿಗೆ ಸೇರಿಸಬಹುದು. ಚಿಕ್ಕಪ್ಪ ಇನ್ನೂ ಎರಡು ಕೂಣಿ ಹೆಣೆಯುತ್ತೇನೆ ಅಂದಿದ್ದಾರೆ.