ಔರಾ ಟವರ್ ಡಿಸೈನ್ ನಿಮಗೆ ಇಷ್ಟಾನಾ? ಮತ್ತೆ ಅದರ ಕೆಳಗಿನ ಮಾಲ್ ಯಾಕೆ ಹಂಗೆ ಬಣಗುಟ್ತಿದೆ?

ಹೊಸಬ_ಟೊರಾಂಟೊ:
ಎಲ್ರಿಗೂ ನಮಸ್ಕಾರ. ಟೊರಾಂಟೊದಲ್ಲಿ ಯಂಗ್ ಮತ್ತೆ ಜೆರಾರ್ಡ್ ರಸ್ತೆಗಳ ಮೂಲೆಲಿರೋ ಔರಾ ಕಾಂಡೋ (ಒಂದೊಂದು ಯೂನಿಟ್ ಒಬ್ಬೊಬ್ಬರಿಗೆ ಮಾರೋ ಕಟ್ಟಡ) ಬಗ್ಗೆ ಕೇಳ್ಬೇಕಿತ್ತು. 272 ಮೀಟರ್ ಎತ್ತರ, 2014ರಲ್ಲಿ ಮುಗಿದಾಗ ಕೆನಡಾದಲ್ಲೇ ಅತಿ ಎತ್ತರದ ವಸತಿ ಕಟ್ಟಡ ಆಗಿತ್ತಂತೆ. ದೂರದಿಂದ ನೋಡಿದ್ರೆ ನಂಗೇನೋ ಚೆನ್ನಾಗೇ ಕಾಣುತ್ತೆ ಆದ್ರೆ ಇಲ್ಲಿ ಹಳಬರ ಹತ್ರ ಹೆಸರೆತ್ತಿದ್ರೆ ಸಾಕು ಮೂಗು ಮುರೀತಾರೆ, ಯಾಕೆ ಅಂತ ಯಾರೂ ಸರಿಯಾಗಿ ಹೇಳಲ್ಲ. ಎರಡನೇದು ಆ ಅಂಡರ್‌ಗ್ರೌಂಡ್ ಮಾಲ್. ಮೇಲೆ ಯಂಗ್ ಸ್ಟ್ರೀಟಲ್ಲಿ ಜನಜಂಗುಳಿ, ಕೆಳಗಿಳಿದ್ರೆ ಪುಟಾಣಿ ಗಾಜಿನ ಅಂಗಡಿಗಳು, ಎಷ್ಟೋ ಅಂಗಡಿಗೆ ಬೀಗ. ಅಷ್ಟು ಮನೆ ಮೇಲಿದ್ರೂ ಯಾಕ್ ಹಿಂಗೆ? ಕೇಳ್ತಿರೋದಕ್ಕೆ ಕಾರಣ ಇದೆ, ಬೇರೆ ಒಂದು ಹೊಸ ಟವರಲ್ಲಿ ಇಂಥದ್ದೇ ಸಣ್ಣ ಅಂಗಡಿ ಯೂನಿಟ್ ತಗೊಳ್ಳಿ, ಬಾಡಿಗೆ ಬರ್ತಾ ಇರುತ್ತೆ ಅಂತ ಏಜೆಂಟ್ ಒಬ್ರು ಬೆನ್ನು ಬಿದ್ದಿದಾರೆ.

ಗಾರೆಕೆಲ್ಸ:
ಡಿಸೈನ್ ಬಗ್ಗೆ ನಾನು ಹೇಳ್ತೀನಿ ಗುರು. ದೂರದಿಂದ ಚೆನ್ನಾಗಿದೆ ಅಂದ್ರಲ್ಲ, ಸಮಸ್ಯೆ ಇರೋದೇ ಅಲ್ಲಿ, ಈ ಊರಲ್ಲಿ ಮುಕ್ಕಾಲು ಟವರ್‌ಗಳು ಬ್ರೋಷರಲ್ಲಿ ದೂರದಿಂದ ಕಾಣೋಕೆ ಮಾಡಿರೋದು. ಔರಾದಲ್ಲಿ ಕೆಳಗೆ ದಪ್ಪ ಪೋಡಿಯಂ, ಅಂದ್ರೆ ಬುಡದ ಅಗಲ ಕಟ್ಟಡ, ಅದರ ಮೇಲೆ ಸಪೂರ ಟವರು, ಎರಡಕ್ಕೂ ಸಂಬಂಧಾನೇ ಇಲ್ಲ ಅನ್ಸುತ್ತೆ ನಂಗೆ. ಪಕ್ಕದ ಕಾಲೇಜ್ ಪಾರ್ಕ್ ನೋಡಿ, 1930ರಲ್ಲಿ ಈಟನ್ಸ್ ಅಂಗಡಿಗೆ ಅಂತ ಕಟ್ಟಿದ್ದು, ಕಲ್ಲಿನ ಮುಖ, ಫುಟ್‌ಪಾತಲ್ಲಿ ನಿಂತು ನೋಡೋಕೂ ಏನೋ ಇದೆ. ಅದರ ಪಕ್ಕ ಇದು ಬಂದು ನಿಂತಾಗ ಜನಕ್ಕೆ ಸಿಟ್ಟು ಬರದೆ ಇರುತ್ತಾ?

ಆದ್ರೆ ಪೋಡಿಯಂ ಇರೋದೇ ತಪ್ಪು ಅಂತ ನಾನು ಹೇಳಲ್ಲ. ಎತ್ತರದ ಗೋಡೆಗೆ ಬಡಿದ ಗಾಳಿ ಸೀದಾ ಕೆಳಗಿಳಿದು ಬೀದಿಗೆ ನುಗ್ಗುತ್ತೆ, ಪೋಡಿಯಂ ಇದ್ರೆ ಅದು ಮಧ್ಯದಲ್ಲೇ ತಡೆಯುತ್ತೆ, ಇಲ್ಲಾಂದ್ರೆ ಜನವರಿಲಿ ಆ ಮೂಲೆಲಿ ನಡೆಯೋರ ಕಥೆ ದೇವರಿಗೇ ಪ್ರೀತಿ. ಇನ್ನು ಗಾಜು. ಇಲ್ಲಿನ ಕಾಂಡೋಗಳಲ್ಲಿ ಹೆಚ್ಚಾಗಿ ಹಾಕೋದು ವಿಂಡೋ ವಾಲ್, ಅಂದ್ರೆ ಒಂದು ಸ್ಲ್ಯಾಬಿಂದ ಮೇಲಿನ ಸ್ಲ್ಯಾಬಿಗೆ ಮಧ್ಯ ಕೂರಿಸೋ ಗಾಜು. ಖರ್ಚು ಕಮ್ಮಿ, ಒಳಗಿಂದಾನೇ ಫಿಟ್ ಮಾಡಬಹುದು, ಆದ್ರೆ ಸ್ಲ್ಯಾಬ್ ಅಂಚು ಚಳಿಗೆ ತೆರ್ಕೊಂಡಿದ್ರೆ ಮನೆ ಬಿಸಿಯೆಲ್ಲ ಅಲ್ಲಿಂದ ಸೋರುತ್ತೆ. 2011ರಲ್ಲಿ ಟೊರಾಂಟೊದ ಬೇರೆ ಬೇರೆ ಕಾಂಡೋಗಳ ಬಾಲ್ಕನಿ ಗಾಜು ಒಡೆದು ರಸ್ತೆಗೆ ಬಿತ್ತು, ಆಮೇಲೇ ಒಂಟಾರಿಯೊ ಬಿಲ್ಡಿಂಗ್ ಕೋಡಲ್ಲಿ ಬಾಲ್ಕನಿ ಗಾಜಿನ ನಿಯಮ ಬಿಗಿ ಮಾಡಿದ್ದು. ತುದಿ ಆಕಾರದ ಬಗ್ಗೆ ಜಗಳ ಆಡೋರು ಇದನ್ನ ಕೇಳೋದೇ ಇಲ್ಲ.

ಅಂಗಡಿ_ಆಂಟಿ:
ಮಾಲ್ ವಿಷಯಕ್ಕೆ ಬರ್ತೀನಿ, ನಾನು ಬೇರೆ ಒಂದು ಕಟ್ಟಡದ ಬೇಸ್‌ಮೆಂಟಲ್ಲಿ ಬಾಡಿಗೆಗೆ ಅಂಗಡಿ ಇಟ್ಕೊಂಡಿದ್ದೋಳು. ಮೇಲೆ ಸಾವಿರಾರು ಜನ ಇದಾರೆ ಅಂತ ಲೆಕ್ಕ ಹಾಕ್ಬೇಡಪ್ಪ. ಅವರು ಲಿಫ್ಟಿಂದ ಲಾಬಿಗೆ, ಲಾಬಿಯಿಂದ ರಸ್ತೆಗೆ, ಇಲ್ಲ ಪಾರ್ಕಿಂಗ್‌ಗೆ. ಮಾಲ್ ಅವರ ದಾರಿಲೇ ಇರಲ್ಲ. ಡೌನ್‌ಟೌನಲ್ಲಿ ನೆಲದಡಿ ಅಂಗಡಿ ಸಾಲಿರೋ ಕಾಲುದಾರಿ ಪಾತ್ (PATH) ಯಾಕೆ ನಡೆಯುತ್ತೆ ಹೇಳು, 30 ಕಿಲೋಮೀಟರ್‌ಗಿಂತ ಉದ್ದ ಇದೆ, ಯೂನಿಯನ್ ಸ್ಟೇಷನಲ್ಲಿ ಟ್ರೈನ್ ಇಳಿದು ಆಫೀಸಿಗೆ ಹೋಗೋರು ಅಂಗಡಿಗಳ ಮುಂದೇನೇ ನಡ್ಕೊಂಡು ಹೋಗ್ತಾರೆ. ಅಲ್ಲೂ ಶನಿವಾರ ಭಾನುವಾರ ಬಿಕೋ ಅನ್ನುತ್ತೆ, ಕೋವಿಡಲ್ಲಿ ಆಫೀಸ್ ಬಂದಾದಾಗ ಅಲ್ಲಿನೋರ ಪಾಡು ಕೇಳೋದೇ ಬೇಡ. ಆ ಪಾತ್ ಕೂಡ ಉತ್ತರಕ್ಕೆ ಡಂಡಸ್ ಹತ್ರ ಮುಗ್ದೇ ಹೋಗುತ್ತೆ, ಜೆರಾರ್ಡ್‌ವರೆಗೂ ಬರಲ್ಲ.

ಇನ್ನೊಂದು ದೊಡ್ಡ ವಿಷಯ ಅಂದ್ರೆ ಔರಾದಲ್ಲಿ ಕೆಳಗಿನ ಅಂಗಡಿಗಳನ್ನ ಕಾಂಡೋ ಥರಾನೇ ಒಬ್ಬೊಬ್ಬರಿಗೆ ಮಾರಿದ್ದು. ಒಬ್ಬನೇ ಮಾಲೀಕ ಆದ್ರೆ ಜನ ಬರ್ಲಿ ಅಂತ ಒಂದು ದೊಡ್ಡ ಅಂಗಡಿಗೆ ಬಾಡಿಗೆ ಕಮ್ಮಿ ಮಾಡಿ ಕರ್ಕೊಂಡು ಬರ್ತಾನೆ, ಆ ನಷ್ಟನ ಉಳಿದವರ ಬಾಡಿಗೆಲಿ ತುಂಬ್ಕೋತಾನೆ. ಇಲ್ಲಿ ಪ್ರತಿಯೊಬ್ಬರಿಗೂ ಅವರವರ ಯೂನಿಟ್ ಲೋನೇ ಚಿಂತೆ, ಬೇರೆಯವರಿಗೋಸ್ಕರ ನಾನ್ಯಾಕೆ ಬಾಡಿಗೆ ಇಳಿಸ್ಲಿ ಅಂತಾರೆ. ಪಕ್ಕದಲ್ಲಿ ನಾಲ್ಕು ಶಟರ್ ಮುಚ್ಚಿದ್ರೆ ಐದನೇದಕ್ಕೂ ಗಿರಾಕಿ ಬರಲ್ಲ. ಅಂಗಡಿ ಖಾಲಿ ಬಿದ್ರೂ ಪ್ರಾಪರ್ಟಿ ಟ್ಯಾಕ್ಸು ಕಟ್ಲೇಬೇಕು, ಕಾಂಡೋ ಫೀಸು (ಕಟ್ಟಡದ ನಿರ್ವಹಣೆ ದುಡ್ಡು) ತಿಂಗಳು ತಿಂಗಳು ಕಟ್ಲೇಬೇಕು.

ಮಾರ್ಕಂ_ಮಾವ:
ಆಂಟಿ ಹೇಳಿದ್ದು ಸರಿ, ಆದ್ರೆ ಬಿಡಿಬಿಡಿಯಾಗಿ ಮಾರಿದ್ದೇ ಕಾರಣ ಅಂದ್ರೆ ನಾನು ಒಪ್ಪಲ್ಲ. ಟೊರಾಂಟೊ ಪಕ್ಕದ ನಮ್ಮ ಮಾರ್ಕಂ ಕಡೆ ಪೆಸಿಫಿಕ್ ಮಾಲ್ ನೋಡಿ, 1990ರ ದಶಕದಿಂದ ಇದೆ, ಅದೂ ಹಿಂಗೇ ಬೇರೆ ಬೇರೆ ಮಾಲೀಕರ ಪುಟಾಣಿ ಗಾಜಿನ ಅಂಗಡಿಗಳೇ, ಆದ್ರೂ ವೀಕೆಂಡಲ್ಲಿ ಪಾರ್ಕಿಂಗ್ ಸಿಗಲ್ಲ. ಯಾಕಂದ್ರೆ ಅಲ್ಲಿಗೆ ಜನ ಅದಕ್ಕೋಸ್ಕರಾನೇ ಹೋಗ್ತಾರೆ, ಸುತ್ತ ದೊಡ್ಡ ಚೈನೀಸ್ ಸಮುದಾಯ ಇದೆ, ಅವರಿಗೆ ಬೇಕಾದ್ದು ಅಲ್ಲಿದೆ. ಔರಾ ಕೆಳಗೆ ಇಳಿಯೋಕೆ ಕಾರಣ ಏನಿದೆ ಹೇಳಿ? ನಾಲ್ಕು ಹೆಜ್ಜೆ ದಕ್ಷಿಣಕ್ಕೆ ಹೋದ್ರೆ ಈಟನ್ ಸೆಂಟರ್ ಅನ್ನೋ ದೊಡ್ಡ ಮಾಲ್ ಬಾಯಿ ತೆರ್ಕೊಂಡು ಕೂತಿದೆ.

ಅಂಗಡಿ_ಆಂಟಿ:
ಒಪ್ಕೊಂಡೆ ಮಾವ, ಆದ್ರೆ ಪೆಸಿಫಿಕ್ ಮಾಲ್ ನೆಲದ ಮೇಲಿದೆ, ಹೊರಗಡೆಯಿಂದ ಕಣ್ಣಿಗೆ ಬೀಳುತ್ತೆ. ನೆಲದ ಕೆಳಗೆ ಹಾಕಿದ್ರೆ ಬೋರ್ಡ್ ನೋಡೋರೂ ಇಲ್ಲ.

ಗಾರೆಕೆಲ್ಸ:
ಹೌದು, ಇದೂ ಡಿಸೈನ್ ತಪ್ಪೇ. ಪ್ಯಾರಿಸ್‌ನ ಫೋರಂ ದೆ ಆಲ್ ಕೂಡ ನೆಲದ ಕೆಳಗೇ ಇರೋದು, 1979ರಲ್ಲಿ ಶುರುವಾಗಿದ್ದು, ಅಂದ ಚೆಂದದ ಬಗ್ಗೆ ಅದಕ್ಕೆ ಬಿದ್ದಷ್ಟು ಬೈಗುಳ ಬೇರೆ ಯಾವುದಕ್ಕೂ ಬಿದ್ದಿರಲಿಕ್ಕಿಲ್ಲ, ಆದ್ರೂ ಜನ ಕಮ್ಮಿ ಆಗ್ಲಿಲ್ಲ ಯಾಕಂದ್ರೆ ಅದಕ್ಕೇ ಅಂಟ್ಕೊಂಡು ದೊಡ್ಡ ಮೆಟ್ರೋ ಜಂಕ್ಷನ್ ಇದೆ. ಚೆನ್ನಾಗಿದೆ ಚೆನ್ನಾಗಿಲ್ಲ ಅನ್ನೋದು ಆಮೇಲಿನ ಮಾತು, ಮೊದಲು ಕಾಲು ಯಾವ ಕಡೆ ಹೋಗುತ್ತೆ ನೋಡ್ಬೇಕು.

ಹೊಸಬ_ಟೊರಾಂಟೊ:
ಥ್ಯಾಂಕ್ಸ್ ಎಲ್ರಿಗೂ. ಏಜೆಂಟ್‌ಗೆ ಸಬ್‌ವೇ ಕನೆಕ್ಷನ್ ಇದೆಯಾ ಅಂತ ಮೆಸೇಜ್ ಹಾಕ್ದೆ, "ಮುಂದೆ ಬರುತ್ತೆ" ಅಂದ್ರು.

ಮಾರ್ಕಂ_ಮಾವ:
ಬಂದ್ಮೇಲೆ ತಗೊಳ್ಳಿ ಹಂಗಾದ್ರೆ 😄 ತಮಾಷೆ ಅಲ್ಲ, ಆಗ್ಲೇ ಕಟ್ಟಿ ಮುಗಿದಿರೋ ಕಟ್ಟಡ ಆದ್ರೆ ಕಾಂಡೋದವರ ಹತ್ರ ಸ್ಟೇಟಸ್ ಸರ್ಟಿಫಿಕೇಟ್ ತರಿಸಿ ಲಾಯರ್‌ಗೆ ತೋರಿಸಿ, ದೊಡ್ಡ ರಿಪೇರಿಗೆ ಅಂತ ಇಟ್ಟಿರೋ ರಿಸರ್ವ್ ಫಂಡ್ ಎಷ್ಟಿದೆ ಕೇಸ್ ಏನಾದ್ರೂ ಇದೆಯಾ ಗೊತ್ತಾಗುತ್ತೆ. ಡಿಕ್ಲರೇಷನಲ್ಲಿ, ಅಂದ್ರೆ ಆ ಕಾಂಡೋದ ಮೂಲ ಪತ್ರದಲ್ಲಿ, ಯಾವ ವ್ಯಾಪಾರ ಮಾಡಬಹುದು ಯಾವುದು ಮಾಡಬಾರದು ಅನ್ನೋದನ್ನೂ ಓದಿಸಿ, ಅಡುಗೆ ಮಾಡೋ ಹಾಗಿಲ್ಲ ಅಂತಿದ್ರೆ ಹೋಟೆಲ್‌ನೋರು ಯಾರೂ ಬಾಡಿಗೆಗೆ ಬರಲ್ಲ.