ಹೊಸ ಗೇಮಿಂಗ್ ಕೀಬೋರ್ಡ್: ಒಂದು ಸಲ ಒತ್ತಿದರೆ ಎರಡು ಡ

ಮಲ್ಪೆ ಬಂಗುಡೆ:
ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡು 12 ದಿನ ಆಯ್ತು. ಪ್ರತಿ ಕೀಯ ಅಡಿಗೂ ಬೇರೆಬೇರೆ ಸ್ವಿಚ್ಚು ಇರುವಂಥದ್ದು, ಅದೂ ಶಬ್ದ ಮಾಡುವ ನೀಲಿ ಸ್ವಿಚ್ಚು. ರಾತ್ರಿ ಆಡಲಿಕ್ಕೆ ಕೂತರೆ ಟಕಟಕ ಶಬ್ದಕ್ಕೆ ಅಮ್ಮ ಆಚೆ ಕೋಣೆಯಿಂದ "ಅದೆಂತ ಟೈಪಿಂಗ್ ಕ್ಲಾಸಾ" ಅಂತ ಕೇಳುತ್ತಾರೆ. ಅದು ಇರಲಿ, ತೊಂದರೆ ಡಬ್ಲ್ಯೂ ಕೀಯದ್ದು. ಮೈನ್‌ಕ್ರಾಫ್ಟ್‌ನಲ್ಲಿ ಮೆಲ್ಲ ನಡೆಯುವ ಅಂತ ಒತ್ತಿದರೆ ನನ್ನ ಮನುಷ್ಯ ಒಮ್ಮೆಲೇ ಓಡುತ್ತಾನೆ. ನಿನ್ನೆ ಹಾಗೇ ಓಡಿ ಲಾವಾಕ್ಕೆ ಬಿದ್ದ, ವಜ್ರದ ಗುದ್ದಲಿ ಸಮೇತ. ಗೇಮಿನದ್ದೇ ದೋಷ ಅಂದುಕೊಂಡು ತೆಗೆದು ಪುನಃ ಹಾಕಿದೆ. ಆಮೇಲೆ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನಲ್ಲಿ ವಿಳಾಸ ಬರೆಯುವಾಗ 'ಉಡಡುಪಿ' ಅಂತ ಬಂತು ನೋಡಿ, ಆಗ ಗೊತ್ತಾಯಿತು. ಅಂಗಡಿಯವರು "ಹೊಸತಲ್ವಾ, ಸೆಟ್ ಆಗ್ತದೆ" ಅಂದರು. ಸೆಟ್ ಆಗಲಿಕ್ಕೆ ಅದೆಂತ ಚಪ್ಪಲಿಯಾ?

ಕದ್ರಿ ಕೀಲಿಮಣೆ:
ಮಾರಾಯ್ರೆ, ಗೇಮನ್ನು ಸುಮ್ನೆ ಬೈದಿರಿ. ಮೈನ್‌ಕ್ರಾಫ್ಟ್‌ನಲ್ಲಿ ಡಬ್ಲ್ಯೂ ಬೇಗಬೇಗ ಎರಡು ಸಲ ಒತ್ತಿದರೆ ಓಟ ಅಂತಲೇ ಲೆಕ್ಕ. ನುಡಿಯಲ್ಲಿರುವುದು ಕೆ.ಪಿ. ರಾವ್ ಮಾಡಿದ ಕನ್ನಡ ಕೀಲಿಮಣೆ ವಿನ್ಯಾಸ, ಅದರಲ್ಲಿ ಅದೇ ಕೀ ಡ. (ಅವರು ನಮ್ಮ ಕಿನ್ನಿಕಂಬಳದವರೇ.) ಅಂದರೆ ಎರಡು ಕಡೆಯೂ ಒಂದೇ ರೋಗ, ಇದಕ್ಕೆ ಚ್ಯಾಟರ್ ಅಂತಾರೆ. ಸ್ವಿಚ್ಚಿನ ಒಳಗೆ ಎರಡು ಸಣ್ಣ ಲೋಹದ ಎಲೆ ಇರುತ್ತವೆ. ಒತ್ತಿದಾಗ ಅವು ಒಂದಕ್ಕೊಂದು ತಾಗಿ ಸುಮ್ಮನೆ ನಿಲ್ಲುವುದಿಲ್ಲ, ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ, ನೆಲಕ್ಕೆ ಬಿದ್ದ ಚಮಚದ ಹಾಗೆ. ಆ ಪುಟಿತ ಲೆಕ್ಕಕ್ಕೆ ಬರಬಾರದು ಅಂತ ಕೀಬೋರ್ಡಿನ ಒಳಗಿನ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಸಣ್ಣ ಪ್ರೋಗ್ರಾಂ, ಸ್ವಲ್ಪ ಹೊತ್ತು ಕಾಯುತ್ತದೆ. ಅದು ಡಿಬೌನ್ಸ್. ಎಲೆ ಸರಿ ಕೂತಿಲ್ಲ ಅಂದರೆ ಕಾಯುವ ಹೊತ್ತು ಮುಗಿದ ಮೇಲೂ ಪುಟಿಯುತ್ತಾ ಇರುತ್ತದೆ, ಎರಡು ಡ ಬೀಳುತ್ತದೆ.

ಮೊದಲು ಬೇರೆ ಯುಎಸ್‌ಬಿ ಪೋರ್ಟಿಗೆ, ಸಾಧ್ಯವಾದರೆ ಬೇರೆ ಕಂಪ್ಯೂಟರಿಗೇ ಹಾಕಿ ನೋಡಿ. ನೋಟ್‌ಪ್ಯಾಡ್‌ನಲ್ಲಿ ಇಂಗ್ಲಿಷ್ ಇಟ್ಟು 50 ಸಲ ಒತ್ತಿ, ಎಷ್ಟು ಬಿತ್ತು ಎಣಿಸಿ ಹೇಳಿ. ಸ್ವಿಚ್ಚು ಕಿತ್ತು ಹಾಕುವ ಜಾತಿಯದ್ದಾ, ಬೆಸುಗೆ ಹಾಕಿದ್ದಾ ಅಂತಲೂ ಹೇಳಿ.

ಹಂಪನಕಟ್ಟೆ ಹುಡುಗ:
ನಮ್ಮಲ್ಲಿ ಮಳೆಗಾಲಕ್ಕೆ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಕೀಬೋರ್ಡ್ ಯಾವ ಲೆಕ್ಕ. ವಿಂಡೋಸಿನಲ್ಲಿ ಫಿಲ್ಟರ್ ಕೀಸ್ ಅಂತ ಒಂದು ಸೆಟ್ಟಿಂಗ್ ಉಂಟು, ಅದನ್ನು ಆನ್ ಮಾಡಿ, ಎರಡೆರಡು ಬೀಳುವುದು ನಿಲ್ಲುತ್ತದೆ.

ಕದ್ರಿ ಕೀಲಿಮಣೆ:
ಫಿಲ್ಟರ್ ಕೀಸ್ ಬೇಡವೇ ಬೇಡ. ಬೇಗಬೇಗ ಒತ್ತಿದ್ದನ್ನೂ ಅದು ನುಂಗುತ್ತದೆ, ಆಟ ಆಡಿದ ಹಾಗೇ ಆಗುವುದಿಲ್ಲ. ತೇವದ ಮಾತು ಸುಳ್ಳಲ್ಲ, ಆದರೆ ತೇವ ಡಬ್ಲ್ಯೂ ಒಂದನ್ನೇ ಹುಡುಕಿಕೊಂಡು ಬರುವುದಿಲ್ಲವಲ್ಲ. ಅದೂ 12 ದಿನದಲ್ಲಿ.

ಮಲ್ಪೆ ಬಂಗುಡೆ:
50 ಸಲಕ್ಕೆ 57 ಬಿತ್ತು. ಅಣ್ಣನ ಲ್ಯಾಪ್‌ಟಾಪಿಗೆ ಹಾಕಿದರೆ 56. ಸ್ವಿಚ್ಚು ಕೀಳಬಹುದು, ಪೆಟ್ಟಿಗೆಯಲ್ಲಿ ಚಿಮುಟದ ಹಾಗಿನದ್ದು ಒಂದು, ಬೇರೆ ಮೂರು ಸ್ವಿಚ್ಚು ಉಂಟು.

ಕದ್ರಿ ಕೀಲಿಮಣೆ:
ಹಾಗಾದರೆ ಅರ್ಧ ಕೆಲಸ ಮುಗಿಯಿತು. ಹೊಸದು ಈಗಲೇ ಹಾಕಬೇಡಿ. ಕೇಬಲ್ ತೆಗೆದು ಡಬ್ಲ್ಯೂ ಮತ್ತು ಜೆಡ್ ಸ್ವಿಚ್ಚುಗಳನ್ನು ಅದಲುಬದಲು ಮಾಡಿ. ಜೆಡ್ ಅಂದರೆ ಞ, ವಿಜ್ಞಾನ ಬರೆಯುವಾಗ ಬಿಟ್ಟರೆ ಯಾರಿಗೆ ಬೇಕು? ರೋಗ ಜೆಡ್ಡಿಗೆ ಹೋದರೆ ಸ್ವಿಚ್ಚು ಹಾಳು. ಡಬ್ಲ್ಯೂ ಜಾಗದಲ್ಲೇ ಉಳಿದರೆ ಒಳಗಿನ ಸಾಕೆಟ್ ಅಥವಾ ಬೋರ್ಡ್ ಹಾಳು, ಆಗ ನೀವು ಮುಟ್ಟಬೇಡಿ, ವಾರಂಟಿಗೆ ಕೊಡಿ. ಸ್ವಿಚ್ಚಿನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಇರುವ ಕ್ಲಿಪ್ಪುಗಳನ್ನು ಪೆಟ್ಟಿಗೆಯ ಚಿಮುಟದಿಂದ ಒತ್ತಿ ಹಿಡಿದು ನೇರ ಮೇಲೆ ಎಳೆಯಿರಿ.

ಮಲ್ಪೆ ಬಂಗುಡೆ:
ಎಂತ ಅವಸ್ಥೆ ಮಾರಾಯ್ರೆ, ಈಗ ಡಬ್ಲ್ಯೂ ಬೀಳುವುದೇ ಇಲ್ಲ! ಜೆಡ್ ಮಾತ್ರ ಎರಡೆರಡು ಬೀಳುತ್ತಾ ಉಂಟು.

ಕದ್ರಿ ಕೀಲಿಮಣೆ:
ಹೆದರಬೇಡಿ, ಪಿನ್ನು ಬಗ್ಗಿರುತ್ತದೆ. ಡಬ್ಲ್ಯೂ ಜಾಗಕ್ಕೆ ಹಾಕಿದ ಸ್ವಿಚ್ಚನ್ನು ಪುನಃ ಕಿತ್ತು ಅಡಿ ನೋಡಿ. ತಾಮ್ರದ ಬಣ್ಣದ ಎರಡು ಸಣ್ಣ ಕಾಲು ಇರುತ್ತವೆ, ಒಂದು ತೂತಿಗೆ ಹೋಗದೆ ಮಡಚಿಕೊಂಡಿರುತ್ತದೆ. ಹುಬ್ಬು ಕೀಳುವ ಚಿಮುಟ ಸಾಕು, ಮೆಲ್ಲ ನೇರ ಮಾಡಿ. ಮೂರು ನಾಲ್ಕು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಕೂರಿಸುವಾಗ ಓರೆ ಹಿಡಿಯಬೇಡಿ, ಜೋರು ಒತ್ತಬೇಡಿ.

ಹಂಪನಕಟ್ಟೆ ಹುಡುಗ:
ಸಾಫ್ಟ್‌ವೇರಿನಲ್ಲಿ ಡಿಬೌನ್ಸ್ ಜಾಸ್ತಿ ಮಾಡಿದ್ದರೆ ಇಷ್ಟೆಲ್ಲ ಬೇಕಿತ್ತಾ?

ಕದ್ರಿ ಕೀಲಿಮಣೆ:
5 ಮಿಲಿಸೆಕೆಂಡ್ ಇದ್ದದ್ದನ್ನು 15 ಮಾಡಿದರೆ ರೋಗ ಅಡಗಬಹುದು, ಹೋಗುವುದಿಲ್ಲ. ಕೆಲವು ಕೀಬೋರ್ಡಿನಲ್ಲಿ ಆ 15 ಅಷ್ಟೂ ಪ್ರತಿ ಕೀಗೆ ತಡ. 1000 ಹರ್ಟ್ಸ್ ಅಂತ, ಅಂದರೆ 1 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ ಅಂತ ದುಡ್ಡು ಕೊಟ್ಟು ತಂದು ಹೀಗೆ ಮಾಡುವುದಾ? ಬೆಸುಗೆಯ ಕೀಬೋರ್ಡಾದರೆ, ವಾರಂಟಿಯೂ ಮುಗಿದಿದ್ದರೆ ಮಾತ್ರ ಅದನ್ನು ಹೇಳುತ್ತಿದ್ದೆ.

ಮಲ್ಪೆ ಬಂಗುಡೆ:
ಬಗ್ಗಿತ್ತು, ಬಲಗಡೆಯ ಕಾಲು. ಅಕ್ಕನ ಚಿಮುಟದಿಂದ ನೇರ ಮಾಡಿದೆ. ಜೆಡ್ಡಿಗೆ ಪೆಟ್ಟಿಗೆಯ ಹೊಸ ಸ್ವಿಚ್ಚು ಹಾಕಿದೆ. ಎರಡನ್ನೂ 50 ಸಲ ಒತ್ತಿದೆ, ಎರಡೂ 50. ಉಡುಪಿ ಈಗ ಉಡುಪಿಯೇ. ಗುದ್ದಲಿ ಮಾತ್ರ ಹೋದದ್ದು ಹೋಯಿತು, ಅಕ್ಕ ಚಿಮುಟ ಕೇಳುತ್ತಾ ಇದ್ದಾಳೆ.