ಮುನ್ನೂರು ರೂಪಾಯಿ ಮತ್ತು ನಾಯಿಯ ಪಾಪ

ಮದ್ದೂರು ವಡೆಯನ್ನು ನಾಯಿಗೆ ಹಾಕಬಾರದು ಅಂತ ನನಗೆ ಗೊತ್ತಾದದ್ದು ಐವತ್ತೆರಡನೇ ವಯಸ್ಸಿನಲ್ಲಿ. ಅಲ್ಲಿವರೆಗೆ ಪ್ರತಿ ಭಾನುವಾರ ಅರ್ಧ ವಡೆಯಷ್ಟು ಪುಣ್ಯ ನನ್ನ ಖಾತೆಗೆ ಜಮಾ ಆಗುತ್ತಿದೆ ಅಂದುಕೊಂಡಿದ್ದೆ.

ನಾವು ನಾಲ್ಕು ಜನ. ಭಾನುವಾರ ಬೆಳಿಗ್ಗೆ ಮದ್ದೂರಿನ ಒಂದು ಸಣ್ಣ ಹೋಟೆಲಿನ ಮುಂದೆ ಕಲ್ಲುಬೆಂಚಿನ ಮೇಲೆ ಕೂರುತ್ತೇವೆ. ಮೇಷ್ಟ್ರು ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿ ಆದದ್ದು ಸ್ಕೂಲಿನಿಂದ, ಪಾಠದಿಂದಲ್ಲ. ಆಡಿಟರು ಅಸಲಿಗೆ ಆಡಿಟರಲ್ಲ, ಒಬ್ಬ ಆಡಿಟರ ಆಫೀಸಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಸೀನನದು ಮೊಬೈಲ್ ರಿಪೇರಿ ಅಂಗಡಿ. ನಾನು ಇದನ್ನೆಲ್ಲ ಬರೆಯುವವನು, ಅಂದರೆ ಕೆಲಸವಿಲ್ಲದವನು. ಬೆಂಚಿನ ಕೆಳಗೆ ಐದನೇ ಸದಸ್ಯ, ಎಡಗಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುವ ಕಂದು ನಾಯಿ.

ಆವತ್ತು ನಾನು ವಡೆ ಮುರಿದು ಕೆಳಗೆ ಹಿಡಿದಿದ್ದೆ ಅಷ್ಟೆ. ಹಿಂದಿನಿಂದ ಒಂದು ಗದರು ಬಂತು.

"ಯಾರ್ರೀ ಅದು, ನಾಯಿಗೆ ಈರುಳ್ಳಿ ತಿನ್ನಿಸ್ತಿರೋದು?"

ತಿರುಗಿದರೆ ಅಕ್ಕ. ಹಳೇ ಸ್ಕೂಟರು, ಮುಂದೆ ಅಕ್ಕಿ ಮೂಟೆ, ಹಿಂದೆ ಕೋಳಿ ಅಂಗಡಿಯ ಬಕೆಟ್ಟು. ಬಕೆಟ್ಟಿನ ತುಂಬ ಕೋಳಿ ತಲೆ, ಕಾಲು, ಕತ್ತು. ಆಡಿಟರು ಶುದ್ಧ ಸಸ್ಯಾಹಾರಿ. ಮೂಗು ಮುಚ್ಚಿಕೊಂಡು ಬೆಂಚಿನ ಆ ತುದಿಗೆ ಸರಿದರು.

"ಈರುಳ್ಳಿ ಇಲ್ಲದಿದ್ರೆ ಅದು ಮದ್ದೂರು ವಡೆ ಹೇಗಾಗುತ್ತೆ ಅಕ್ಕಾ?" ಸೀನ ಊರಿನ ಮಾನ ಕಾಪಾಡಲು ಮುಂದಾದ.

"ವಡೆ ಕಥೆ ನನಗೆ ಬೇಡ. ಈರುಳ್ಳಿ ಒಳಗೆ ಹೋದ್ರೆ ನಾಯಿ ರಕ್ತದಲ್ಲಿರೋ ಕೆಂಪು ಕಣ ಒಡೆಯುತ್ತೆ. ಬೆಳ್ಳುಳ್ಳಿ ಬೇಡ, ದ್ರಾಕ್ಷಿ ಬೇಡ, ಚಾಕಲೇಟ್ ಅಂತೂ ಬೇಡವೇ ಬೇಡ."

ನಾನು ಮನಸ್ಸಿನಲ್ಲೇ ಎರಡು ವರ್ಷದ ಪುಣ್ಯವನ್ನು ಖರ್ಚಿನ ಕಡೆಗೆ ಬರೆದುಕೊಂಡೆ. ಕೆಳಗಿದ್ದವನಿಗೆ ಮಾತ್ರ ಅಕ್ಕನ ಮೇಲೆ ಸಿಟ್ಟು ಬಂದಂತಿತ್ತು.

ಅಕ್ಕ ಟೈಲರಿಂಗ್ ಮಾಡುವವರು. ಕೆರೆ ಏರಿಯ ಆಚೆ ಬಾಡಿಗೆ ಜಾಗದಲ್ಲಿ ನಾಲ್ಕು ತಗಡಿನ ಶೆಡ್ಡು ಹಾಕಿಕೊಂಡು, ಗಾಡಿ ಹೊಡೆದ ನಾಯಿ, ಹುಳ ಬಿದ್ದ ನಾಯಿ, ಯಜಮಾನರು ಕೈಬಿಟ್ಟ ನಾಯಿ, ಎಲ್ಲ ಸೇರಿ ನಲವತ್ತಮೂರನ್ನು ಸಾಕುತ್ತಿದ್ದಾರೆ. ಟೀ ಕುಡಿಯಿರಿ ಅಂತ ಕೂರಿಸಿದೆವು. ಒಂದು ಗುಟುಕು ಒಳಗೆ ಹೋಗಿರಲಿಲ್ಲ, ಫೋನು ಬಂತು. ಯಾರೋ ಹೊಸ ಬಡಾವಣೆಯವರು. ಬೀದಿಯಲ್ಲಿ ಹನ್ನೆರಡು ನಾಯಿ ಇವೆ, ಎತ್ತಿಕೊಂಡು ಹೋಗಿ ಅಂತ.

"ಎತ್ಕೊಂಡು ಎಲ್ಲಿ ಹೋಗಲಿ ಸಾರ್, ಮಾವನ ಮನೆಗಾ?" ಅಂದರು ಅಕ್ಕ. ಆಮೇಲೆ ನಮ್ಮ ಕಡೆ ತಿರುಗಿ ವಿವರಿಸಿದರು. ಬೀದಿ ನಾಯಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು ಅಂತ 2001ರಲ್ಲೇ ನಿಯಮ ಆಗಿದೆ. 2023ರಲ್ಲಿ ಹೊಸ ನಿಯಮ ಬಂದಾಗಲೂ ಅದೇ ಮಾತು. ಆಪರೇಷನ್ ಆಗಿದೆ ಅನ್ನುವ ಗುರುತಿಗೇ ಕಿವಿಯಲ್ಲಿ ಕಚ್ಚು.

ಸೀನ ಬಗ್ಗಿ ಬೆಂಚಿನ ಕೆಳಗೆ ನೋಡಿದ. "ಓಹೋ, ನಾನು ಇವನು ಯಾವುದೋ ಜಗಳದಲ್ಲಿ ಕಿವಿ ಕಳ್ಕೊಂಡಿದಾನೆ ಅಂದ್ಕೊಂಡಿದ್ದೆ."

"ಇವನಲ್ಲ, ಇವಳು," ಅಂದರು ಅಕ್ಕ.

ಎರಡು ವರ್ಷದಿಂದ ನಾವು ರಾಜಣ್ಣ ಅಂತ ಕರೆಯುತ್ತಿದ್ದೆವು. ಅವಳೂ ಬಾಲ ಆಡಿಸುತ್ತಿದ್ದಳು. ವಡೆಗೋಸ್ಕರ ಹೆಸರಿನ ವಿಚಾರದಲ್ಲಿ ರಾಜಿ ಮಾಡಿಕೊಂಡಿರಬೇಕು.

"ಈಗ ಸುಪ್ರೀಂ ಕೋರ್ಟು ಬೇರೆ ಥರ ಹೇಳಿದೆಯಲ್ಲ?" ಮೇಷ್ಟ್ರು ಕೇಳಿದರು. 2025ರ ನವೆಂಬರ್ ಆದೇಶದ ಮಾತು ಅದು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸೇರಿಸಿ, ಮತ್ತೆ ಅಲ್ಲೇ ತಂದು ಬಿಡಬೇಡಿ ಅಂತ.

"ಹೇಳಿದೆ ಮೇಷ್ಟ್ರೇ. ಆಶ್ರಯತಾಣ ಎಲ್ಲಿದೆ ಅಂತ ಊರವರು ಹುಡುಕಿದ್ರು. ನನ್ನ ತಗಡಿನ ಶೆಡ್ಡು ಸಿಕ್ತು. ಆವತ್ತಿಂದ ಈ ಫೋನು ಬಿಡುವಾಗಿಲ್ಲ."

ಸೀನನಿಗೆ ಬೆಂಗಳೂರು ನೆನಪಾಯಿತು. ಎಲ್ಲದಕ್ಕೂ ಅವನಿಗೆ ಬೆಂಗಳೂರು ನೆನಪಾಗುತ್ತದೆ. "ಅಲ್ಲಿ ಪಾಲಿಕೆಯೋರು 2025ರಲ್ಲಿ ಐದು ಸಾವಿರ ನಾಯಿಗೆ ಚಿಕನ್ ರೈಸ್ ಹಾಕೋಕೆ 2.88 ಕೋಟಿ ಲೆಕ್ಕ ಹಾಕಿದ್ರಲ್ಲ! ಒಂದು ಊಟಕ್ಕೆ ಇಪ್ಪತ್ತೆರಡು ರೂಪಾಯಿ ಚಿಲ್ಲರೆ. ಅಂಗಡಿಯಲ್ಲಿ ನನ್ನ ಡಬ್ಬಿಗೆ ಚಿತ್ರಾನ್ನ."

"ನಿನಗೂ ಕಿವಿ ಕಚ್ಚು ಹಾಕಿಸ್ಕೋ, ಕೊಡ್ತಾರೆ," ಅಂದರು ಆಡಿಟರು. ಆವತ್ತಿನ ಅವರ ಮೊದಲ ಮಾತು. ಅವರ ಗಮನವೆಲ್ಲ ಅಕ್ಕನ ಚೀಲದಿಂದ ಇಣುಕುತ್ತಿದ್ದ ನೂರು ಪುಟದ ನೋಟ್‌ಬುಕ್ಕಿನ ಮೇಲಿತ್ತು. ಲೆಕ್ಕದ ಪುಸ್ತಕ ಕಂಡರೆ ಅವರಿಗೆ ಆಗುವುದೇ ಹಾಗೆ. ಕೋಳಿ ಬಕೆಟ್ಟನ್ನೂ ಮರೆತು ಇತ್ತ ಸರಿದು ಬಂದರು.

"ಎಂಬತ್ತು ಜಿ ಇದೆಯಾ ನಿಮ್ಮ ಸಂಸ್ಥೆಗೆ?"

"ಸಂಸ್ಥೆನೇ ಇಲ್ಲ ಸಾರ್. ನಾನಿದೀನಿ, ಒಬ್ಬ ಹುಡುಗ ಇದಾನೆ, ನಾಯಿ ಇವೆ."

"ಛೆ. ಎಂಬತ್ತು ಜಿ ಇದ್ದಿದ್ರೆ ಕೊಟ್ಟೋರಿಗೆ ತೆರಿಗೆಯಲ್ಲಿ ಕಳೆಯೋದು. ಅದೂ ನಗದು ಎರಡು ಸಾವಿರ ದಾಟಿದ್ರೆ ಲೆಕ್ಕಕ್ಕಿಲ್ಲ. ಹೊಸ ಪದ್ಧತಿಯಲ್ಲಿ ರಿಟರ್ನ್ಸ್ ಹಾಕೋರಿಗಂತೂ ಸಿಗೋದೇ ಇಲ್ಲ."

"ನೀವೆಷ್ಟು ಕೊಡಬೇಕು ಅಂತಿದ್ರಿ?" ಸೀನ ಕೇಳಿದ.

"ನೂರಾ ಒಂದು."

ನೋಟ್‌ಬುಕ್ ಆಡಿಟರ ಕೈಗೆ ಹೋಯಿತು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಅಕ್ಕಿ. ಸೌದೆ. ಅರಿಶಿನ ಪುಡಿ. ಜಾಗದ ಬಾಡಿಗೆ. ಉಣ್ಣಿ ಜ್ವರದ ಮಾತ್ರೆ, ಒಂದು ನಾಯಿಗೆ ಇಪ್ಪತ್ತೆಂಟು ದಿನ. ಔಷಧಿ ಅಂಗಡಿ ಬಾಕಿ. ಔಷಧಿ ಅಂಗಡಿ ಬಾಕಿ. ಮತ್ತೆ ಔಷಧಿ ಅಂಗಡಿ ಬಾಕಿ. ಎದುರು ಪುಟದಲ್ಲಿ ಜಮಾ. ಮದುವೆ ವಾರ್ಷಿಕೋತ್ಸವ, ಐದು ಸಾವಿರ. ಆಮೇಲೆ ಎರಡು ತಿಂಗಳು ಖಾಲಿ. ಮಗುವಿನ ಹುಟ್ಟುಹಬ್ಬ, ಎರಡು ಸಾವಿರ ಮತ್ತು ಒಂದು ಕೇಕು.

"ಕೇಕು ಯಾಕೆ ಜಮಾದಲ್ಲಿದೆ?"

"ಆ ಕಥೆ ಕೇಳಬೇಡಿ," ಅಂದ ಅಕ್ಕ ತಾವೇ ಶುರು ಮಾಡಿದರು. ಎರಡು ಕಾರು ಬಂದವಂತೆ. ಬ್ಯಾನರು, ಬಲೂನು, ನಾಯಿಗೆ ಹಾಕುವ ಟೋಪಿ. ಚಾಕಲೇಟ್ ಕೇಕು. ನಾಯಿಗೆ ಚಾಕಲೇಟ್ ವಿಷ ಅಂತ ಅಕ್ಕ ಕೈ ಮುಗಿದರು. ಹಾಗಾದ್ರೆ ತಿನ್ನಿಸೋ ಥರ ಫೋಟೋ ಆದರೂ ತೆಗೀತೀವಿ ಅಂದರಂತೆ. ಅಷ್ಟರಲ್ಲಿ ಬಲೂನೊಂದು ಢಂ ಅಂದಿತು. ನಲವತ್ತಮೂರು ನಾಯಿ ಒಟ್ಟಿಗೆ ಊಳಿಟ್ಟವು. ಮಗು ಅತ್ತಿತು, ಮಗುವಿನ ಅಪ್ಪ ಕಾರಿನ ಮೇಲೆ ಹತ್ತಿದ. ಟೋಪಿ ಮೂರು ಕಾಲಿನ ಭೀಮ ತಿಂದ.

"ಕೊಡೋರೆಲ್ಲ ಒಳ್ಳೆಯೋರೇ," ಅಂದರು ಅಕ್ಕ. "ಆದ್ರೆ ಏನು ಬೇಕು ಅಂತ ಒಬ್ರೂ ಕೇಳಲ್ಲ. ಒಬ್ರು ಮದುವೆ ಕೋಟು ತಂದ್ರು. ನಾಯಿಗೆ ಹಾಸೋಕೆ ಅಂತೆ, ಗುಂಡಿ ತೆಗೆದಿರಲಿಲ್ಲ. ಇನ್ನೊಬ್ರು ಹಳೇ ಪೇಪರು ತಂದು ಕೆಜಿಗೆ ಎಷ್ಟು ಕೊಡ್ತೀರಾ ಅಂದ್ರು. ಜಾಸ್ತಿ ಜನ ಕೊಡೋದು ಏನು ಗೊತ್ತಾ? ನಾಯೀನೇ. ರಾತ್ರಿ ಗೇಟಿಗೆ ಕಟ್ಟಿ ಹೋಗ್ತಾರೆ. ಹೋದ ಬೇಸಿಗೆಯಲ್ಲಿ ಒಂದು ಹಸ್ಕಿ."

"ಹಿಮದಲ್ಲಿ ಗಾಡಿ ಎಳೆಯೋದಾ? ಮಂಡ್ಯ ಜಿಲ್ಲೆಗಾ?" ಮೇಷ್ಟ್ರು ಟೀ ಲೋಟ ಕೆಳಗಿಟ್ಟರು.

"ಹೂಂ. ಕೂದಲು ಉದುರುತ್ತೆ ಅಂತ ಬಿಟ್ಟು ಹೋದ್ರು. ಹಗಲೆಲ್ಲ ನೀರಿನ ತೊಟ್ಟಿಯಲ್ಲಿ ಎಮ್ಮೆ ಥರ ಕೂತಿರುತ್ತೆ ಪಾಪ."

ಟೀ ಮುಗಿಯಿತು, ಮೂಟೆ ಇಳಿಸಿಕೊಡೋಣ ಅಂತ ನಾವೂ ಶೆಡ್ಡಿಗೆ ಹೋದೆವು. ಹರಟೆಗಾರರು ಕೆಲಸದ ಜಾಗಕ್ಕೆ ಹೋಗಬಾರದು. ಹೋದ ಹತ್ತೇ ನಿಮಿಷದಲ್ಲಿ ಸೀನನ ಕೈಗೆ ಡ್ರಿಪ್ ಬಾಟಲಿ ಬಂತು.

ಮರಿಗೆ ಎರಡು ತಿಂಗಳೂ ಆಗಿರಲಿಲ್ಲ. ಪಾರ್ವೊ ಅನ್ನುವ ರಕ್ತಬೇಧಿ ಕಾಯಿಲೆ. ಬೇರೆ ಮರಿಗಳಿಂದ ದೂರ, ಗೋಣಿಚೀಲದ ಮೇಲೆ ಮಲಗಿಸಿದ್ದರು. ರಕ್ತ ಬೆರೆತ ಬೇಧಿಯ ಆ ವಾಸನೆ ಒಂದು ಸಲ ಮೂಗಿಗೆ ಹೋದರೆ ಮರೆಯುವಂಥದ್ದಲ್ಲ. ಮುಂಗಾಲಿನಷ್ಟೇ ಅಗಲದ ಪ್ಲಾಸ್ಟರು, ಅದರಡಿ ಸೂಜಿ. ಬಾಟಲಿ ತೂಗುಹಾಕುವ ಮೊಳೆ ತುಕ್ಕು ಹಿಡಿದು ಮುರಿದಿತ್ತು. ಸೀನ ಕೈ ಎತ್ತಿ ಹಿಡಿದು ನಿಂತ. ಹನಿ, ಹನಿ, ಹನಿ. ಐದು ನಿಮಿಷಕ್ಕೆ ಕೈ ಬದಲಿಸಿದ. ಹದಿನೈದು ನಿಮಿಷಕ್ಕೆ ಮಾತು ನಿಂತಿತು. ಸೀನ ಮಾತು ನಿಲ್ಲಿಸಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಆಡಿಟರು ಸುಮ್ನೆ ಇರಲಾರದೆ ಅಂಗಡಿಗೆ ಹೋಗಿ ಐದು ಲೀಟರ್ ಫಿನೈಲ್ ತಂದರು. ಅವರ ಮಟ್ಟಿಗೆ ಅದು ಚರಿತ್ರಾರ್ಹ ಖರ್ಚು. ಅಕ್ಕ ತಲೆ ಕೆರೆದುಕೊಂಡರು. "ಸಾರ್, ಪಾರ್ವೊ ವೈರಸ್ಸು ಫಿನೈಲಿಗೆಲ್ಲ ಬಗ್ಗಲ್ಲ. ಬ್ಲೀಚಿಂಗ್ ಬೇಕು. ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ ಅದು. ಮರಿಗೆ ಆರೆಂಟು ವಾರಕ್ಕೆ ಲಸಿಕೆ ಶುರು ಮಾಡಿ, ಹದಿನಾರು ವಾರ ಆಗೋವರೆಗೂ ಮೂರ್ನಾಲ್ಕು ವಾರಕ್ಕೊಂದು ಸಲ ಹಾಕಿಸ್ತಿದ್ರೆ ಈ ಪಾಡಿಲ್ಲ. ಇದು ಬಂದಿದ್ದೇ ಕಾಯಿಲೆ ಜೊತೆ, ಡಬ್ಬದಲ್ಲಿ."

ಆಡಿಟರು ಫಿನೈಲಿನ ಬಿಲ್ಲು ನೋಡಿದರು. ವಾಪಸ್ ತಗೋತಾರಾ ಅಂತ ಯೋಚಿಸುತ್ತಿದ್ದರೋ ಏನೋ. ಆಮೇಲೆ ಕೇಳಿದರು. "ಒಂದು ಹೆಣ್ಣುನಾಯಿ ಎಷ್ಟು ಮರಿ ಹಾಕುತ್ತೆ?"

"ಅರವತ್ತಮೂರು ದಿನಕ್ಕೆ ಐದೋ ಆರೋ. ವರ್ಷಕ್ಕೆ ಎರಡು ಸಲ ಆದ್ರೂ ಆಯ್ತು. ಆ ಮರಿಗಳೂ ಒಂದು ವರ್ಷ ತುಂಬೋದ್ರೊಳಗೆ ಶುರು."

ಆಡಿಟರ ಮುಖ ಬಿಳಿಚಿಕೊಂಡಿತು. "ಇದು ಚಕ್ರಬಡ್ಡಿ ಕಣ್ರೀ! ನೀವು ಬಡ್ಡಿ ಕಟ್ತಾ ಕೂತಿದ್ದೀರಿ. ಅಸಲು ತೀರಿಸಬೇಕು. ಮೊದಲು ಆಪರೇಷನ್!"

"ಅದನ್ನೇ ಹೇಳ್ತಿರೋದು ಸಾರ್. ಆಪರೇಷನ್‌ಗೆ ತೆಗೆದಿಟ್ಟ ದುಡ್ಡು ಅಕ್ಕಿಗೆ ಹೋಗುತ್ತೆ. ನಾಯಿ ಹೊಟ್ಟೆ ದಿನಾ ಕೇಳುತ್ತೆ, ದಾನ ಹುಟ್ಟುಹಬ್ಬಕ್ಕೆ ಬರುತ್ತೆ."

ಇಲ್ಲಿಗೆ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. ನಮಗೆ ಗೊತ್ತು, ಇದು ರಾಷ್ಟ್ರಕೂಟರು ಬರುವ ಸೂಚನೆ.

"ಆತಕೂರು ನೋಡಿದ್ದೀರೇನ್ರೋ? ನಮ್ಮ ಮದ್ದೂರು ತಾಲ್ಲೂಕೇ."

ನೋಡಿರಲಿಲ್ಲ. ಆ ಊರಿನವರೇ ಆದ ಸೀನನ ಅತ್ತೆಯನ್ನು ಮಾತ್ರ ನೋಡಿದ್ದೆವು.

"949ರಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಗೆದ್ದ. ಗಂಗರ ಬೂತುಗ ಅವನ ಕಡೆ. ಬೂತುಗನ ವೀರ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗ, ಏನು ಬೇಕೋ ಕೇಳು ಅಂದ. ಏನು ಕೇಳಿದ ಹೇಳು?"

"ಸೈಟು," ಅಂದ ಸೀನ, ಬಾಟಲಿ ಹಿಡಿದುಕೊಂಡೇ.

"ನಾಯಿ! ಕಾಳಿ ಅನ್ನೋ ಬೇಟೆ ನಾಯಿ. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಆಮೇಲೆ ಆ ಕಾಳಿಯನ್ನ ಒಂದು ದೊಡ್ಡ ಹಂದಿ ಮೇಲೆ ಬಿಟ್ರು. ಎರಡೂ ಹೊಡೆದಾಡಿ ಸತ್ತವು. ಮಣಲೇರ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿದ. ನಾಯಿ ಹಂದಿ ಕಾದಾಡೋ ಚಿತ್ರ ಇದೆ ಅದರಲ್ಲಿ. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ."

"ಫೋಟೋ ತೆಗೆಸ್ಕೊಂಡ ಹಾಗಾಯ್ತು," ಅಂದೆ ನಾನು.

"ಅಲ್ಲೇ ಇರೋದು ವಿಷಯ! ಕಲ್ಲು ನಿಲ್ಲಿಸಿ ಕೈ ತೊಳ್ಕೊಳ್ಳಲಿಲ್ಲ ಅವನು. ಭೂಮಿ ಬಿಟ್ಟ. ಅದರ ಹುಟ್ಟುವಳಿಯಲ್ಲಿ ಪೂಜೆ ನಡೀಬೇಕು. ಶಾಸನದಲ್ಲೇ ಬರೆಸಿದಾನೆ, ನೋಡಿಕೊಳ್ಳೋ ಗೊರವ, ಅಂದ್ರೆ ಶಿವನ ಗುಡಿ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ."

ಎಲ್ಲರಿಗಿಂತ ಜಾಸ್ತಿ ಖುಷಿಯಾದದ್ದು ಆಡಿಟರಿಗೆ. "ಇದಪ್ಪಾ ಲೆಕ್ಕ! ಸತ್ತ ನಾಯಿಗೇ ವರ್ಷ ವರ್ಷದ ಆದಾಯ ಕಟ್ಟಿದಾನೆ. ಜೊತೆಗೆ ತಪ್ಪಿದರೆ ದಂಡ!"

ಅಲ್ಲೇ ತೀರ್ಮಾನವಾಯಿತು. ತಲೆಗೆ ಮುನ್ನೂರು, ಪ್ರತಿ ತಿಂಗಳ ಮೊದಲ ಭಾನುವಾರ, ಆಪರೇಷನ್ ಖಾತೆಗೆ ಮಾತ್ರ. ಹುಟ್ಟುಹಬ್ಬ ಇರಲಿ ಬಿಡಲಿ. ಮೇಷ್ಟ್ರು ಐನೂರು ಅನ್ನಲು ಹೋದರು. ಆಡಿಟರು ತಡೆದರು. ಮೂರು ತಿಂಗಳು ಐನೂರು ಕೊಟ್ಟು ನಾಲ್ಕನೇ ತಿಂಗಳು ಕಣ್ಣು ತಪ್ಪಿಸುವ ಗಿರಾಕಿಗಳನ್ನು ಅವರು ಮೂವತ್ತು ವರ್ಷ ನೋಡಿದ್ದಾರಂತೆ. ಅಕ್ಕನ ನೋಟ್‌ಬುಕ್ಕಿಗೆ ಆವತ್ತೇ ಕೆಂಪು ಗೆರೆ ಎಳೆದು ಕಾಲಂ ಮಾಡಿದರು. ನೂರಾ ಒಂದು ರೂಪಾಯಿಯ ಮನುಷ್ಯ ಈಗ ಆ ಪುಸ್ತಕ ಬಿಟ್ಟಿರಲಾರ.

ಮರಿ ಉಳಿಯಿತು. ಎಲ್ಲ ಮರಿಗಳೂ ಉಳಿಯುವುದಿಲ್ಲ, ಅದೇ ವಾರ ಇನ್ನೆರಡು ಹೋದವು. ಇದು ಉಳಿಯಿತು. ಸೀನ ಅಂಗಡಿ ಮುಚ್ಚಿದ ಮೇಲೆ ಆ ಕಡೆ ಹೋಗಿಬರುತ್ತಾನೆ. ನಾಯಿ ನೋಡೋಕಲ್ಲ, ಮೊಳೆ ಹೊಡೆದದ್ದು ಗಟ್ಟಿಯಾಗಿದೆಯಾ ಅಂತ ನೋಡೋಕಂತೆ.

ಈ ತಿಂಗಳ ಮೊದಲ ಭಾನುವಾರ ಬೆಂಚಿನ ಮೇಲೆ ಕೂತಿದ್ದೆವು. ರಾಜಣ್ಣ, ಅಂದರೆ ರಾಜಮ್ಮ, ಕೆಳಗೆ. ಅವಳಿಗೆ ಈಗ ಸಪ್ಪೆ ಇಡ್ಲಿ. ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾಳೆ. ಬಿಸಿ ವಡೆ ಬಂತು. ಸೀನ ಕೈ ಹಾಕಿ ಮುರಿದು ಬಾಯಿಯ ಹತ್ತಿರ ಒಯ್ದ.

"ಮುನ್ನೂರು ಹಾಕಿದೆಯಾ?" ಆಡಿಟರು ತಲೆ ಎತ್ತದೆ ಕೇಳಿದರು.

"ಹಾಕ್ತೀನಿ ಸಾರ್, ವಡೆ ಆರಿಹೋಗುತ್ತೆ."

"ಉಂಡೆಯೋ, ನಾಯಿಯ ಪಾಪ," ಅಂದರು ಮೇಷ್ಟ್ರು.

ಸೀನ ವಡೆ ತಟ್ಟೆಗೆ ಇಟ್ಟ. ಕೈ ಒರೆಸಿಕೊಂಡ. ಫೋನ್ ತೆಗೆದ. ಮೊಬೈಲ್ ಅಂಗಡಿಯವನ ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಅವನು ಫೋನನ್ನು ತಲೆಯ ಮೇಲೆ ಡ್ರಿಪ್ ಬಾಟಲಿಯ ಹಾಗೆ ಎತ್ತಿ ಹಿಡಿದು ನಿಂತ. ರಾಜಮ್ಮ ಎದ್ದು, ಅವನನ್ನೊಮ್ಮೆ, ವಡೆಯನ್ನೊಮ್ಮೆ ನೋಡಿದಳು.